ಮನೆಯ ಫೈರ್‌ಪ್ಲೇಸ್‌ನಲ್ಲಿ ಸೌದೆ ಉರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫೈರ್‌ಪ್ಲೇಸ್ ಇರುವ ಮನೆಗೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳೂ, ಹತ್ತು ವರ್ಷ ಸೌದೆ ಉರಿಸಿದವರು ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಹೊಗೆ ಯಾಕೆ ಒಳಗೆ ಬರುತ್ತದೆ, ಶಾಖ ಯಾಕೆ ಬರುವುದಿಲ್ಲ, ರಾತ್ರಿ ಹಾಗೇ ಬಿಟ್ಟು ಮಲಗಬಹುದೇ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಹೊಗೆ ಅಂದರೆ ಉರಿಯದೆ ತಪ್ಪಿಸಿಕೊಂಡ ಸೌದೆ. ಅದು ಚಿಮಣಿಯ ಗೋಡೆಗೆ ಅಂಟಿದರೆ ಅಪಾಯ, ಆಕಾಶಕ್ಕೆ ಹೋದರೆ ನಷ್ಟ, ಕೋಣೆಗೆ ಬಂದರೆ ಕೆಮ್ಮು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಸುರಕ್ಷತೆಯನ್ನೂ ಸೌದೆಯ ಉಳಿತಾಯವನ್ನೂ ಬೇರೆ ಬೇರೆ ಮಾಡಿಲ್ಲ.

ಬೆಂಕಿ ಹಚ್ಚಿದ ತಕ್ಷಣ ಹೊಗೆಯೆಲ್ಲ ಕೋಣೆಗೇ ನುಗ್ಗುತ್ತದೆ. ಎಲ್ಲಿ ತಪ್ಪುತ್ತಿದೆ?

ಮೊದಲು ಡ್ಯಾಂಪರ್ ನೋಡಿ. ಚಿಮಣಿಯ ಕತ್ತಿನಲ್ಲಿರುವ ಕಬ್ಬಿಣದ ಮುಚ್ಚಳ ಅದು. ಬೆಂಕಿ ಇಲ್ಲದಾಗ ಕೋಣೆಯ ಬೆಚ್ಚನೆ ಗಾಳಿ ಮೇಲಕ್ಕೆ ಹೋಗದಿರಲಿ ಅಂತ ಮುಚ್ಚಿಡುತ್ತೇವೆ, ಹಚ್ಚುವಾಗ ತೆರೆಯಲು ಮರೆಯುತ್ತೇವೆ. ನಾನೂ ಮರೆತಿದ್ದೇನೆ. ಬಂದ ನೆಂಟರ ಮುಂದೆ ಗತ್ತಿನಿಂದ ಕಡ್ಡಿ ಗೀರಿ, ಎರಡೇ ನಿಮಿಷದಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡುವಂತೆ ಮಾಡಿದ್ದೇನೆ. ಅಂದಿನಿಂದ ಕಡ್ಡಿಪೆಟ್ಟಿಗೆಗೆ ಮೊದಲು ಟಾರ್ಚ್ ಕೈಗೆತ್ತಿಕೊಳ್ಳುತ್ತೇನೆ. ಒಲೆಯೊಳಗೆ ತಲೆ ಬಗ್ಗಿಸಿ ಮೇಲೆ ಬೆಳಕು ಬಿಟ್ಟರೆ ಮುಚ್ಚಳ ತೆರೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹಕ್ಕಿ ಗೂಡು ಕಟ್ಟಿದ್ದರೆ ಕೆಲವೊಮ್ಮೆ ಅದೂ ಕಣ್ಣಿಗೆ ಬೀಳುತ್ತದೆ.

ಡ್ಯಾಂಪರ್ ತೆರೆದಿದ್ದೂ ಹೊಗೆ ಒಳಗೆ ಬಂದರೆ, ಬಹುಶಃ ಚಿಮಣಿ ತಣ್ಣಗಿದೆ. ಬಿಸಿ ಗಾಳಿ ಹಗುರ, ಅದಕ್ಕೇ ಮೇಲೇರುತ್ತದೆ. ಚಿಮಣಿ ಕೆಲಸ ಮಾಡುವುದೇ ಇದರಿಂದ. ಆದರೆ ಕೊಳವೆಯೊಳಗೆ ರಾತ್ರಿಯಿಡೀ ತಣಿದ ಗಾಳಿ ಭಾರವಾಗಿ ಕೂತಿದ್ದರೆ ಸಣ್ಣ ಉರಿಯ ಹೊಗೆಗೆ ಅದನ್ನು ತಳ್ಳುವಷ್ಟು ಬಲ ಇರುವುದಿಲ್ಲ. ಒಂದು ಹಾಳೆ ದಿನಪತ್ರಿಕೆಯನ್ನು ಸುರುಳಿ ಸುತ್ತಿ, ತುದಿಗೆ ಬೆಂಕಿ ಹಚ್ಚಿ, ಡ್ಯಾಂಪರ್‌ನ ಕೆಳಗೆ ಅರ್ಧ ನಿಮಿಷ ಹಿಡಿಯಿರಿ. ಜ್ವಾಲೆ ಮೊದಲು ಅತ್ತಿತ್ತ ತೂಗಾಡಿ, ಆಮೇಲೆ ಯಾರೋ ಮೇಲಿನಿಂದ ಎಳೆದಂತೆ ನೆಟ್ಟಗಾಗುತ್ತದೆ. ಎಳೆತ ಹಿಡಿಯಿತು ಅಂತ ಆಗ ತಿಳಿಯಿರಿ.

ಇದಾದ ಮೇಲೂ ತೊಂದರೆ ಇದ್ದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ, ಫೈರ್‌ಪ್ಲೇಸ್‌ಗೆ ಹತ್ತಿರದ ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆಯಿರಿ. ಚಿಮಣಿಯಿಂದ ಹೊರಗೆ ಹೋಗುವ ಗಾಳಿಯ ಬದಲಿಗೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅದು ಚಿಮಣಿಯಿಂದಲೇ ಹೊಗೆಯ ಜೊತೆ ಇಳಿಯುತ್ತದೆ.

ಪ್ರತಿಸಲವೂ ಹೀಗೇ ಆಗುತ್ತಿದ್ದರೆ ಕಟ್ಟಿದ ಅಳತೆಯಲ್ಲೇ ದೋಷ ಇರಬಹುದು. ಚಿಮಣಿ ಸೂರನ್ನು ದಾಟಿ ಬರುವ ಜಾಗದಿಂದ ಕನಿಷ್ಠ 3 ಅಡಿ ಎತ್ತರ ಇರಬೇಕು, ಜೊತೆಗೆ ಸುತ್ತ 10 ಅಡಿಯೊಳಗಿನ ಯಾವ ಭಾಗಕ್ಕಿಂತಲೂ 2 ಅಡಿ ಮೇಲಿರಬೇಕು. ಹೊಗೆಕೊಳವೆಯ ಒಳ ವಿಸ್ತೀರ್ಣ ಒಲೆಬಾಯಿಯ ವಿಸ್ತೀರ್ಣದ ಸುಮಾರು ಹತ್ತನೇ ಒಂದು ಪಾಲಾದರೂ ಇರಬೇಕು. ಬಾಯಿ ತೀರಾ ದೊಡ್ಡದೇ ಅಂತ ನೋಡಲು ಸುಲಭದ ದಾರಿ ಇದೆ: ಕೈಗವಸು ಹಾಕಿಕೊಂಡು ಒಲೆಬಾಯಿಯ ಮೇಲಂಚಿಗೆ ತಗಡೊಂದನ್ನು ಅಡ್ಡ ಹಿಡಿದು ನಿಧಾನವಾಗಿ ಕೆಳಗಿಳಿಸಿ. ಎಲ್ಲಿ ಹೊಗೆ ನಿಲ್ಲುತ್ತದೋ ಅಷ್ಟು ಬಾಯಿಯನ್ನು ಖಾಯಂ ಆಗಿ ಮುಚ್ಚಿಸಿದರೆ ಸಾಕು.

ಸೌದೆ ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಎರಡು ತುಂಡು ಹಿಡಿದು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಬಿರುಕು ಬಿಟ್ಟಿರುತ್ತದೆ, ತೊಗಟೆ ಉಗುರಿಗೆ ಸಿಕ್ಕರೆ ಕಿತ್ತು ಬರುತ್ತದೆ, ಎತ್ತಿದರೆ ಗಾತ್ರಕ್ಕಿಂತ ಹಗುರ ಅನ್ನಿಸುತ್ತದೆ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಸುಯ್ ಎನ್ನುತ್ತಿದ್ದರೆ ನೀವು ಸೌದೆ ಉರಿಸುತ್ತಿಲ್ಲ, ನೀರು ಕಾಯಿಸುತ್ತಿದ್ದೀರಿ.

ಇವೆಲ್ಲ ಅಂದಾಜು. ಸರಿಯಾಗಿ ತಿಳಿಯಬೇಕಾದರೆ ಎರಡು ಮುಳ್ಳಿನ ತೇವಾಂಶ ಮಾಪಕ ಕೊಳ್ಳಿ. ಅದನ್ನು ಬಳಸುವಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ತುಂಡಿನ ಹೊರಮೈಗೆ ಚುಚ್ಚಿ 14 ಅಂತ ನೋಡಿ ಖುಷಿಪಡುತ್ತಾರೆ. ಅದೇ ತುಂಡನ್ನು ಕೊಡಲಿಯಿಂದ ಸೀಳಿ, ಈಗಷ್ಟೇ ತೆರೆದ ಒಳಮೈಯ ನಡುವೆ ನಾರಿನ ಗುಂಟ ಚುಚ್ಚಿದರೆ 27 ತೋರಿಸಬಹುದು. ಹೊರಮೈ ಬಿಸಿಲು ಕಂಡಿರುತ್ತದೆ, ತಿರುಳು ಕಂಡಿರುವುದಿಲ್ಲ. ಒಳಗಿನ ಲೆಕ್ಕವೇ ಲೆಕ್ಕ, ಅದು ಶೇ. 20ಕ್ಕಿಂತ ಕೆಳಗಿರಬೇಕು.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸುತ್ತೇನೆ. ಹಸಿ ಸೌದೆಯಲ್ಲಿ ನೀರನ್ನು ಆವಿ ಮಾಡಲು ಶಾಖವೆಲ್ಲ ಖರ್ಚಾಗುತ್ತದೆ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ತೂಕದಲ್ಲಿ ಶೇ. 40 ನೀರಿರುವ 5 ಕಿಲೋ ಸೌದೆಯಲ್ಲಿ 2 ಕಿಲೋ ನೀರು. ಅದನ್ನು ಆವಿ ಮಾಡಲು ಹಿಡಿಯುವುದು ಆ ಸೌದೆಯ ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ. ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಕೆಂಡದಲ್ಲಲ್ಲ, ಕಾದಾಗ ಹೊರಡುವ ಅನಿಲಗಳಲ್ಲಿ. ಅವು ಪೂರ್ತಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನೀರು ಇರುವ ತನಕ ಒಲೆ ಅಷ್ಟು ಬಿಸಿಯೇರುವುದಿಲ್ಲ, ಅನಿಲವೆಲ್ಲ ಹೊಗೆಯಾಗಿ ಹೊರಟುಹೋಗುತ್ತದೆ.

ಎಷ್ಟು ದಿನ ಒಣಗಿಸಬೇಕು? ಎಲ್ಲಿ ಒಟ್ಟಬೇಕು?

ಮೆದು ಮರಕ್ಕೆ ಆರು ತಿಂಗಳು, ಗಟ್ಟಿ ಮರಕ್ಕೆ ಒಂದರಿಂದ ಎರಡು ವರ್ಷ. ಆದರೆ ಈ ಲೆಕ್ಕ ಶುರುವಾಗುವುದು ಸೀಳಿದ ದಿನದಿಂದ, ಕಡಿದ ದಿನದಿಂದಲ್ಲ. ತೊಗಟೆ ಮರಕ್ಕೆ ಮಳೆಯಂಗಿ ಇದ್ದಂತೆ. ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನದನ್ನು ಹೊರಗೂ ಬಿಡುವುದಿಲ್ಲ. ಎರಡು ವರ್ಷ ಹಿತ್ತಿಲಲ್ಲಿ ಬಿದ್ದಿದ್ದ ಇಡೀ ದಿಮ್ಮಿಯನ್ನು ಸೀಳಿದಾಗ ಒಳಗೆ ತಣ್ಣಗೆ ಒದ್ದೆಯಾಗಿರುವುದನ್ನು ನೋಡಿದ್ದೇನೆ. 8ರಿಂದ 15 ಸೆಂಟಿಮೀಟರ್ ದಪ್ಪಕ್ಕೆ ಸೀಳಿ, ನೆಲ ತಾಗದಂತೆ ಅಡ್ಡಪಟ್ಟಿಗಳ ಮೇಲೆ, ಗೋಡೆಯಿಂದ ಗೇಣು ಬಿಟ್ಟು ಒಟ್ಟಿ. ಮೇಲೆ ಮಾತ್ರ ಹೊದಿಸಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಇಡೀ ಒಟ್ಟಿಲಿಗೆ ಟಾರ್ಪಾಲು ಸುತ್ತಿದರೆ ಒಳಗೆ ಬೂಷ್ಟು ಬೆಳೆಯುತ್ತದೆ ಅಷ್ಟೆ.

ಮನೆಯೊಳಗೆ ಒಂದೆರಡು ದಿನಕ್ಕೆ ಬೇಕಾದಷ್ಟು ತಂದಿಟ್ಟುಕೊಳ್ಳಿ, ಅದೂ ಒಲೆಯಿಂದ ಒಂದು ಮೀಟರ್ ದೂರದಲ್ಲಿ. ಹೆಚ್ಚು ತಂದರೆ ಸೌದೆಯ ಜೊತೆ ಗೆದ್ದಲು, ಇರುವೆ, ಜೇಡಗಳೂ ಬಿಡಾರ ಹೂಡುತ್ತವೆ.

ಯಾವ ಮರ ಒಳ್ಳೆಯದು?

ಒಣಗಿದ ಯಾವ ಮರವೂ ಆದೀತು. ತೂಕಕ್ಕೆ ಹೋಲಿಸಿದರೆ ಎಲ್ಲ ಮರಗಳೂ ಕೊಡುವ ಶಾಖ ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಗಟ್ಟಿ ಮರದ ಒಂದು ತುಂಡಿನಲ್ಲಿ ಹೆಚ್ಚು ಮರ ಇರುತ್ತದೆ, ಹೆಚ್ಚು ಹೊತ್ತು ಉರಿದು ಒಳ್ಳೆಯ ಕೆಂಡ ಬಿಡುತ್ತದೆ. ಮೆದು ಮರ ಬೇಗ ಹೊತ್ತಿಕೊಳ್ಳುತ್ತದೆ, ಆರಂಭಕ್ಕೆ ಅದೇ ಚೆನ್ನ. ರಾಳ ಇರುವ ಪೈನ್ ಜಾತಿಯ ಮರಗಳು ಚಿಟಪಟ ಸಿಡಿಯುತ್ತವೆ, ಬಾಗಿಲಿಲ್ಲದ ಒಲೆಯಲ್ಲಿ ಎಚ್ಚರ ಬೇಕು. ಪೈನ್ ಉರಿಸಿದರೆ ಚಿಮಣಿ ಹಾಳಾಗುತ್ತದೆ ಎಂಬ ಮಾತು ಮಾತ್ರ ಅರ್ಧ ಸತ್ಯ. ಒಣಗಿದ ಪೈನ್‌ಗಿಂತ ಹಸಿಯ ಗಟ್ಟಿ ಮರವೇ ಚಿಮಣಿಗೆ ಹೆಚ್ಚು ಕೇಡು.

ಏನೇನು ಹಾಕಬಾರದು?

ಬಣ್ಣ ಬಳಿದ, ವಾರ್ನಿಷ್ ಹಚ್ಚಿದ, ಗೆದ್ದಲು ಬಾರದಂತೆ ಔಷಧಿ ಹಾಕಿದ ಮರ. ಹಳೆಯ ಔಷಧಿ ಮರಗಳಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇರುತ್ತದೆ; ಹೊಗೆಯಲ್ಲೂ ವಿಷ, ಬೂದಿಯಲ್ಲೂ ವಿಷ. ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸ ಇರಬಹುದು. ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡ್‌ಗಳಲ್ಲಿ ಅಂಟು ಇರುತ್ತದೆ. ಸಮುದ್ರ ದಡದಲ್ಲಿ ಸಿಕ್ಕ ಮರ ನೀಲಿ ಹಸಿರು ಜ್ವಾಲೆ ಕೊಡುತ್ತದೆ, ನೋಡಲು ಚಂದ. ಆದರೆ ಅದರ ಉಪ್ಪು ಉರಿಯಲ್ಲಿ ಕ್ಲೋರಿನ್ ಇರುವ ವಿಷಗಳನ್ನು ಹುಟ್ಟಿಸುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಪ್ಲಾಸ್ಟಿಕ್, ಮಿರುಗುವ ಉಡುಗೊರೆ ಕಾಗದ, ಮನೆಯ ಕಸ ಬೇಡವೇ ಬೇಡ. ರಟ್ಟಿನ ಪೆಟ್ಟಿಗೆಯ ಉರಿಯುವ ಚೂರುಗಳು ಹಾರಿ ಚಿಮಣಿಯ ಮಸಿಗೆ ಕಿಡಿ ತಾಗಿಸಬಲ್ಲವು.

ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ಒಲೆಯ ಹತ್ತಿರಕ್ಕೂ ತರಬೇಡಿ. ಆರಿದಂತೆ ಕಾಣುವ ಕೆಂಡದ ಮೇಲೆ ಸುರಿದರೆ ಮೊದಲು ಆವಿ ಏಳುತ್ತದೆ, ಆಮೇಲೆ ಒಮ್ಮೆಲೇ ಭಗ್ ಎಂದು ಮುಖಕ್ಕೆ ಹೊಡೆಯುತ್ತದೆ.

ಬೆಂಕಿ ಹೊತ್ತಿಸುವ ಸರಿಯಾದ ಕ್ರಮ ಯಾವುದು?

ನಮ್ಮಲ್ಲಿ ಹೆಚ್ಚಿನವರು ಕೆಳಗೆ ಕಾಗದ, ಮೇಲೆ ಪುಳ್ಳೆ, ಅದರ ಮೇಲೆ ಸೌದೆ ಹೇರಿ ಹಚ್ಚುತ್ತೇವೆ. ಇದನ್ನು ತಲೆಕೆಳಗು ಮಾಡಿ. ಕೆಳಗೆ ಎರಡು ಮೂರು ದಪ್ಪ ಸೀಳುಗಳನ್ನು ಬೆರಳು ತೂರುವಷ್ಟು ಸಂದಿ ಬಿಟ್ಟು ಮಲಗಿಸಿ. ಅದರ ಮೇಲೆ ಅಡ್ಡಲಾಗಿ ಮಣಿಕಟ್ಟಿನ ದಪ್ಪದವು, ಅದರ ಮೇಲೆ ಹೆಬ್ಬೆರಳ ದಪ್ಪದವು, ತುದಿಯಲ್ಲಿ ಪೆನ್ಸಿಲ್‌ನಷ್ಟು ಸಣ್ಣ ಪುಳ್ಳೆ, ಅದರ ನೆತ್ತಿಗೆ ಗಂಟು ಹಾಕಿದ ಒಂದೆರಡು ಕಾಗದ. ಕಡ್ಡಿ ಗೀರಿ ನೆತ್ತಿಗೆ ಹಚ್ಚಿ, ಕೈಕಟ್ಟಿ ಕೂತುಕೊಳ್ಳಿ.

ಮೊದಲ ಸಲ ಮಾಡಿದಾಗ ನನಗೂ ನಂಬಿಕೆ ಇರಲಿಲ್ಲ. ಉರಿ ಮೇಲಕ್ಕಲ್ಲವೇ ಹೋಗುವುದು? ಆದರೆ ಉರಿಯುವ ಪುಳ್ಳೆಯ ಶಾಖ ಕೆಳಗಿನ ತುಂಡಿಗೂ ತಟ್ಟುತ್ತದೆ, ಕೆಂಡ ಉದುರಿ ಸಂದಿಗೆ ಬೀಳುತ್ತದೆ, ಬೆಂಕಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಕೆಳಗಿನ ತುಂಡಿನಿಂದ ಹೊಗೆ ಎದ್ದರೆ ಅದು ಮೇಲಿರುವ ಜ್ವಾಲೆಯ ಮೂಲಕವೇ ಹಾದು ಹೋಗಬೇಕು. ಹಾಗೆ ಹೋಗುವಾಗ ಉರಿದುಹೋಗುತ್ತದೆ. ಚಿಮಣಿಯೂ ಮೊದಲ ಕೆಲವು ನಿಮಿಷಗಳಲ್ಲೇ ಬಿಸಿಯಾಗುತ್ತದೆ. ಕೆಳಗಿನಿಂದ ಹಚ್ಚಿದಾಗ ಇದಕ್ಕೆ ಉಲ್ಟಾ: ತಣ್ಣನೆಯ ಸೌದೆಯ ರಾಶಿ ಉರಿಯ ತಲೆಯ ಮೇಲೆ ಕೂತು ಹೊಗೆಯಾಡುತ್ತದೆ. ಊದುಕೊಳವೆ ಹಿಡಿದು ಮಂಡಿಯೂರಿ ಕೆಮ್ಮುವ ಕೆಲಸ ನನಗೆ ತಪ್ಪಿದ್ದು ಈ ಕ್ರಮ ಕಲಿತ ಮೇಲೆಯೇ.

ಗಾಳಿ ಕಡಿಮೆ ಮಾಡಿ ನಿಧಾನವಾಗಿ ಉರಿಸಿದರೆ ಸೌದೆ ಉಳಿಯುವುದಿಲ್ಲವೇ?

ಉಳಿದಂತೆ ಕಾಣುತ್ತದೆ. ತುಂಡು ಬೆಳಗಿನವರೆಗೂ ಇರುತ್ತದೆ, ನಿಜ. ಆದರೆ ಗಾಳಿ ಸಾಲದೆ ಹೊಗೆಯಾಡುವ ಸೌದೆ ತನ್ನ ಶಾಖವನ್ನು ಕೋಣೆಗೆ ಕೊಡುವುದಿಲ್ಲ, ಚಿಮಣಿಗೆ ಡಾಂಬರಿನ ರೂಪದಲ್ಲಿ ಕೊಡುತ್ತದೆ. ಹೊಗೆ ಕೊಳವೆಯಲ್ಲಿ ಏರುವಾಗ ಸುಮಾರು 120 ಡಿಗ್ರಿಗಿಂತ ಕೆಳಗೆ ತಣಿದರೆ ಅದರಲ್ಲಿನ ಆವಿ ಮತ್ತು ಟಾರು ಗೋಡೆಗೆ ಹತ್ತಿಕೊಳ್ಳುತ್ತವೆ. ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಮೊದಮೊದಲು ಬ್ರಷ್ ಆಡಿಸಿದರೆ ಉದುರುವ ಪುಡಿಮಸಿ, ಆಮೇಲೆ ಹೊಳೆಯುವ ಕಪ್ಪು ಚಕ್ಕೆ, ಕೊನೆಗೆ ಗಾಜಿನಂತೆ ಗಟ್ಟಿಯಾದ ಲೇಪ. ಈ ಕೊನೆಯದು ಬ್ರಷ್‌ಗೆ ಜಗ್ಗುವುದಿಲ್ಲ, ಹೊತ್ತಿಕೊಂಡರೆ ಮಾತ್ರ ಧಗಧಗ ಉರಿಯುತ್ತದೆ.

ಕಡಿಮೆ ಶಾಖ ಬೇಕಿದ್ದರೆ ದೊಡ್ಡ ರಾಶಿಯ ಉಸಿರು ಕಟ್ಟಿಸಬೇಡಿ, ಸಣ್ಣ ಬೆಂಕಿಯನ್ನೇ ಜೋರಾಗಿ ಉರಿಸಿ. ಜ್ವಾಲೆ ಹಳದಿಯಾಗಿ ಚುರುಕಾಗಿ ಆಡುತ್ತಿರಬೇಕು, ಒಲೆಯ ಒಳಗೋಡೆಯ ಮಸಿ ಕ್ರಮೇಣ ಉರಿದು ಇಟ್ಟಿಗೆಯ ಬಣ್ಣ ಕಾಣಬೇಕು. ಹೊಸ ತುಂಡು ಹಾಕುವಾಗ ಕೆಂಡಗಳನ್ನು ಮುಂದಕ್ಕೆ ಎಳೆದು ಒಂದೆರಡು ತುಂಡು ಮಾತ್ರ ಇಡಿ. ಒಮ್ಮೆಲೇ ನಾಲ್ಕು ಹೇರಿದರೆ ಅಷ್ಟು ಹೊತ್ತು ಕಟ್ಟಿದ ಬಿಸಿಯೆಲ್ಲ ಇಳಿದುಹೋಗುತ್ತದೆ.

ಸರಿಯಾಗಿ ಉರಿಯುತ್ತಿದೆಯೋ ಎಂದು ನೋಡಲು ಹೊರಗೆ ಹೋಗಿ ಚಿಮಣಿಯ ತುದಿ ನೋಡಿ. ಹಚ್ಚಿ ಇಪ್ಪತ್ತು ನಿಮಿಷವಾದ ಮೇಲೂ ದಟ್ಟ ಬೂದು ಹೊಗೆ ಬರುತ್ತಿದ್ದರೆ ಸೌದೆ ಹಸಿ ಇದೆ ಅಥವಾ ಗಾಳಿ ಸಾಲದು. ಬಿಸಿ ಗಾಳಿಯ ಅಲುಗಾಟ ಮಾತ್ರ ಕಂಡರೆ ಒಳಗೆ ಹೋಗಿ ಆರಾಮಾಗಿ ಕೂತುಕೊಳ್ಳಿ.

ಇಷ್ಟೆಲ್ಲ ಉರಿಸಿದರೂ ಕೋಣೆ ಬೆಚ್ಚಗಾಗುವುದಿಲ್ಲವಲ್ಲ?

ತೆರೆದ ಫೈರ್‌ಪ್ಲೇಸ್‌ನ ಹಣೆಬರಹವೇ ಅದು. ಸೌದೆಯ ಶಾಖದಲ್ಲಿ ಹತ್ತನೇ ಒಂದು ಪಾಲು ಕೋಣೆಗೆ ಸಿಕ್ಕರೆ ದೊಡ್ಡದು. ಉಳಿದದ್ದು ಚಿಮಣಿಯಲ್ಲಿ ಹೋಗುತ್ತದೆ, ಹೋಗುವಾಗ ಕೋಣೆಯ ಬೆಚ್ಚನೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಲೆಯ ಮುಂದೆ ಕೂತವರ ಮೊಣಕಾಲು ಸುಡುತ್ತಿದ್ದರೆ ಪಕ್ಕದ ಕೋಣೆಯವರು ಮೊದಲಿಗಿಂತ ಹೆಚ್ಚು ನಡುಗುತ್ತಿರುತ್ತಾರೆ.

ಈ ತಕರಾರು ಹಳೆಯದು. 1796ರಲ್ಲಿ ಕೌಂಟ್ ರಮ್‌ಫರ್ಡ್, ಅಂದರೆ ಬೆಂಜಮಿನ್ ಥಾಂಪ್ಸನ್, ಇದರ ಬಗ್ಗೆ ಬರೆದ. ಒಲೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಹೊರಕ್ಕೆ ಓರೆಯಾಗಿಸಿ, ಚಿಮಣಿಯ ಕತ್ತನ್ನು ಕಿರಿದು ಮಾಡಿ ಅಂತ ಅವನ ಸಲಹೆ. ತೆರೆದ ಬೆಂಕಿ ಗಾಳಿಯನ್ನು ಕಾಯಿಸಿ ನಮ್ಮನ್ನು ಬೆಚ್ಚಗಿಡುವುದಿಲ್ಲ, ಬಿಸಿಲಿನಂತೆ ನೇರವಾಗಿ ಕಿರಣ ಬೀರಿ ಬೆಚ್ಚಗಿಡುತ್ತದೆ. ಓರೆ ಗೋಡೆಗಳು ಆ ಕಿರಣವನ್ನು ಕೋಣೆಯ ಕಡೆ ತಿರುಗಿಸುತ್ತವೆ. ಇವತ್ತಿಗೂ ಆ ಅಳತೆಯಲ್ಲಿ ಒಲೆ ಕಟ್ಟುವವರಿದ್ದಾರೆ.

ಇರುವ ಒಲೆಯನ್ನು ಒಡೆಯಲು ಮನಸ್ಸಿಲ್ಲದವರು ಹಿಂಗೋಡೆಗೆ ಬೀಡುಕಬ್ಬಿಣದ ಹಲಗೆ ಒರಗಿಸಿ. ಅದು ಕಾದು ಶಾಖವನ್ನು ಮುಂದಕ್ಕೆ ಬೀರುತ್ತದೆ. ನಿಜಕ್ಕೂ ಮನೆ ಬೆಚ್ಚಗಾಗಬೇಕಿದ್ದರೆ ಅದೇ ಗೂಡಿನೊಳಗೆ ಕೂರುವ, ಗಾಜಿನ ಬಾಗಿಲಿನ ಇನ್ಸರ್ಟ್ ಹಾಕಿಸಿ. ಒಳ್ಳೆಯ ಇನ್ಸರ್ಟ್ ಸೌದೆಯ ಶಾಖದಲ್ಲಿ ಶೇ. 60ರಿಂದ 80ರಷ್ಟನ್ನು ಮನೆಗೆ ಕೊಡುತ್ತದೆ. ತೆರೆದ ಬೆಂಕಿಯ ಸೊಗಸು ಅದರಲ್ಲಿಲ್ಲ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಸೊಗಸು ಬೇರೆ, ಬಿಸಿ ಬೇರೆ.

ಚಿಮಣಿ ಎಷ್ಟು ದಿನಕ್ಕೊಮ್ಮೆ ಗುಡಿಸಬೇಕು?

ಕಡಿಮೆ ಬಳಸಿದರೂ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಿ. ಒಳಗೋಡೆಯ ಮಸಿ 3 ಮಿಲಿಮೀಟರ್ ದಪ್ಪ ಮುಟ್ಟಿದ್ದರೆ ಗುಡಿಸುವ ತನಕ ಬೆಂಕಿ ಹಚ್ಚಬೇಡಿ. ಗಾಜಿನಂಥ ಲೇಪ ಕಂಡರೆ ದಪ್ಪ ಅಳೆಯುತ್ತ ಕೂರಬೇಡಿ. ಗುಡಿಸುವವರು ಬರೀ ಮಸಿ ತೆಗೆದು ಹೋಗದೆ ಕೊಳವೆಯ ಒಳಪದರ ಬಿರುಕು ಬಿಟ್ಟಿದೆಯೇ, ತುದಿಯ ಟೊಪ್ಪಿ ಮತ್ತು ಜಾಲರಿ ಸರಿ ಇದೆಯೇ ಎಂದೂ ಹೇಳಬೇಕು. ಉರಿಸಿದರೆ ಚಿಮಣಿ ತಾನೇ ಶುಚಿಯಾಗುತ್ತದೆ ಎಂದು ಮಾರುವ ಪುಡಿ, ಕೃತಕ ಕೊರಡುಗಳು ಮಸಿಯನ್ನು ಸ್ವಲ್ಪ ಸಡಿಲ ಮಾಡಬಹುದು. ಬ್ರಷ್‌ನ ಕೆಲಸ ಅವುಗಳಿಂದ ಆಗುವುದಿಲ್ಲ.

ಚಿಮಣಿಗೇ ಬೆಂಕಿ ಹತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ಆಗ ಏನು ಮಾಡಬೇಕು?

ಗೋಡೆಯೊಳಗೆ ರೈಲು ಹೋದಂಥ ಸದ್ದು, ಚಟಚಟ ಸಿಡಿತ, ಹೊರಗೆ ಚಿಮಣಿಯ ಬಾಯಲ್ಲಿ ಜ್ವಾಲೆ ಅಥವಾ ದಟ್ಟ ಕಪ್ಪು ಹೊಗೆ. ಒಳಗಿನ ಬಿಸಿ 1000 ಡಿಗ್ರಿ ದಾಟಬಲ್ಲದು. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ. ಹೊರಡುವ ದಾರಿಯಲ್ಲೇ ಕೈಗೆ ಸಿಗುವಂತಿದ್ದರೆ ಒಲೆಯ ಗಾಜಿನ ಬಾಗಿಲು ಮತ್ತು ಗಾಳಿಕಿಂಡಿ ಮುಚ್ಚಿ. ಚಿಮಣಿಗೆ ನೀರು ಸುರಿಯಬೇಡಿ, ಕಾದ ಒಳಪದರ ಸೀಳಿಬಿಡುತ್ತದೆ.

ಕೆಲವು ಚಿಮಣಿ ಬೆಂಕಿಗಳು ಸದ್ದಿಲ್ಲದೆ ಉರಿದು ತಾವೇ ಆರಿಹೋಗುತ್ತವೆ. ಗುಡಿಸುವಾಗ ಜೇನುಗೂಡಿನಂತೆ ಉಬ್ಬಿದ ಹಗುರ ಮಸಿ ಸಿಕ್ಕರೆ ಅಂಥದ್ದೊಂದು ನಡೆದುಹೋಗಿದೆ ಅಂತ ಅರ್ಥ. ಯಾವುದೇ ಆದರೂ, ಪೂರ್ತಿ ಪರೀಕ್ಷೆ ಆಗುವವರೆಗೆ ಆ ಒಲೆ ಹಚ್ಚಬಾರದು.

ಮಲಗುವ ಮುನ್ನ ಡ್ಯಾಂಪರ್ ಮುಚ್ಚಬಹುದೇ?

ಬೂದಿ ಪೂರ್ತಿ ತಣ್ಣಗಾಗದೆ ಮುಚ್ಚಬಾರದು. ಈ ಒಂದು ವಿಷಯದಲ್ಲಿ ಶಾಖದ ಉಳಿತಾಯದ ಮಾತೇ ಬೇಡ.

ಜ್ವಾಲೆ ಇದ್ದಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಅಪಾಯ ಇರುವುದು ಹೊಗೆ ಇಲ್ಲದ ಕೆಂಡದಲ್ಲಿ. ನಿಗಿನಿಗಿ ಕೆಂಡ ಹೊರಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ನಿದ್ದೆ ಎಳೆದಂತಾಗುವುದು ಇದರ ಲಕ್ಷಣ. ಮಲಗಿದವರಿಗೆ ಅದೂ ತಿಳಿಯುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಮತ್ತೆ ಒಳಗೆ ಹೋಗದೆ ವೈದ್ಯಕೀಯ ನೆರವು ಕೇಳಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಮಲಗುವ ಕೋಣೆಗಳ ಹತ್ತಿರ ಹಾಕಿಸಿ. ಹೊಗೆಯ ಅಲಾರಂ ಇದನ್ನು ಗುರುತಿಸುವುದಿಲ್ಲ, ಎರಡೂ ಬೇಕು. ಮಲಗುವ ಒಂದೆರಡು ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಿ.

ಬೇಗ ಆರಿಸಬೇಕಾದರೆ ನೀರು ಹಾಕಬಹುದೇ?

ಬೇಡ. ಬಿಸಿ ಇಟ್ಟಿಗೆ ಒಡೆಯುತ್ತದೆ, ಆವಿ ಮತ್ತು ಬೂದಿ ಮುಖಕ್ಕೆ ಹಾರುತ್ತದೆ. ತುಂಡುಗಳನ್ನು ಇಕ್ಕಳದಿಂದ ಒಂದರಿಂದ ಒಂದನ್ನು ದೂರ ಸರಿಸಿ, ಮೇಲೆ ತಣ್ಣನೆಯ ಬೂದಿ ಅಥವಾ ಮರಳು ಮುಚ್ಚಿ.

ಬೂದಿಯನ್ನು ಯಾವಾಗ ತೆಗೆಯಬೇಕು, ಎಲ್ಲಿ ಹಾಕಬೇಕು?

'ಬೂದಿ ಮುಚ್ಚಿದ ಕೆಂಡ' ಅನ್ನುವ ಮಾತನ್ನು ಮನುಷ್ಯರ ಬಗ್ಗೆ ಹೇಳುತ್ತ ಹೇಳುತ್ತ ಅದು ಬೂದಿಯ ಬಗ್ಗೆಯೂ ನಿಜ ಎನ್ನುವುದನ್ನು ಮರೆತಿದ್ದೇವೆ. ಒಮ್ಮೆ ನಾನು ಹಿಂದಿನ ರಾತ್ರಿಯ ಬೂದಿಯನ್ನು ಕೈಯಿಂದ ಮುಟ್ಟಿ ನೋಡಿ, ತಣ್ಣಗಿದೆ ಅಂತ ಪ್ಲಾಸ್ಟಿಕ್ ಬಕೆಟ್‌ಗೆ ತುಂಬಿ ಹಿತ್ತಿಲ ಬಾಗಿಲ ಬಳಿ ಇಟ್ಟಿದ್ದೆ. ಸಂಜೆ ಎತ್ತಲು ಹೋದರೆ ಹಿಡಿ ಮಾತ್ರ ಕೈಗೆ ಬಂತು. ಬಕೆಟ್‌ನ ತಳ ನೆಲಕ್ಕೆ ಅಂಟಿತ್ತು, ಪಕ್ಕದಲ್ಲೇ ಇದ್ದ ಕಾಲೊರಸಿನ ಅಂಚು ಕರಕಲಾಗಿತ್ತು. ಬೂದಿ ಒಳ್ಳೆಯ ಕಂಬಳಿ. ಅದರಡಿ ಕೆಂಡ ಮೂರು ನಾಲ್ಕು ದಿನ ಜೀವ ಹಿಡಿದಿರಬಲ್ಲದು.

ಹಾಗಾಗಿ ಕಬ್ಬಿಣದ ಡಬ್ಬ, ಬಿಗಿಯಾದ ಕಬ್ಬಿಣದ ಮುಚ್ಚಳ. ಮನೆಯಿಂದ 3 ಮೀಟರ್ ದೂರದಲ್ಲಿ, ಮರದ ಜಗಲಿಯ ಮೇಲಲ್ಲ, ಕಲ್ಲು ಅಥವಾ ಮಣ್ಣಿನ ಮೇಲೆ ಇಡಿ. ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಬೇಡಿ, ಅದರ ಚೀಲ ಹೊತ್ತಿಕೊಳ್ಳುತ್ತದೆ. ಒಲೆಯನ್ನು ಪೂರ್ತಿ ಬಳಿಯುವುದೂ ಬೇಡ. ಎರಡು ಸೆಂಟಿಮೀಟರ್‌ನಷ್ಟು ಬೂದಿ ಬಿಟ್ಟರೆ ಮುಂದಿನ ಬೆಂಕಿ ಬೇಗ ಹಿಡಿಯುತ್ತದೆ. ಶುದ್ಧ ಸೌದೆಯ ಬೂದಿಯಲ್ಲಿ ಸುಣ್ಣದಂಶ ಮತ್ತು ಪೊಟ್ಯಾಷ್ ಇರುವುದರಿಂದ ಹುಳಿ ಮಣ್ಣಿಗೆ ತೆಳುವಾಗಿ ಚೆಲ್ಲಬಹುದು. ಇನ್ಸರ್ಟ್‌ನ ಗಾಜು ಕಪ್ಪಾಗಿದ್ದರೆ ತಣ್ಣಗಾದ ಮೇಲೆ ಒದ್ದೆ ಕಾಗದವನ್ನು ನುಣ್ಣನೆ ಬೂದಿಯಲ್ಲಿ ಅದ್ದಿ ಉಜ್ಜಿ, ಬೇರೆ ಔಷಧಿ ಬೇಕಾಗುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದಾರೆ, ಬೆಕ್ಕು ನಾಯಿ ಇವೆ.

ಒಲೆಬಾಯಿಗೆ ಲೋಹದ ಜಾಲರಿ ಪರದೆ ಇರಲಿ. ಗಾಜಿನ ಬಾಗಿಲಿದ್ದರೆ ಅದರ ಮುಂದೆ ನೆಲಕ್ಕೆ ಭದ್ರಪಡಿಸಿದ ಬೇಲಿಯೂ ಇರಲಿ, ಯಾಕೆಂದರೆ ಗಾಜು ಮುಟ್ಟಿದ ಕ್ಷಣಕ್ಕೆ ಚರ್ಮ ಸುಡುವಷ್ಟು ಕಾಯುತ್ತದೆ, ಬೆಂಕಿ ಆರಿ ಬಹಳ ಹೊತ್ತಾದರೂ ಬಿಸಿ ಇರುತ್ತದೆ. ಸೋಫಾ, ಪರದೆ, ಕಾಗದ, ಒಣಗಲು ಹಾಕಿದ ಬಟ್ಟೆ ಎಲ್ಲ ಒಂದು ಮೀಟರ್ ಆಚೆ. ದೊಡ್ಡವರಿಲ್ಲದ ಕೋಣೆಯಲ್ಲಿ ಬೆಂಕಿ ಇರಬಾರದು.

ಮನೆಯಲ್ಲಿ ಉಬ್ಬಸದವರು ಇದ್ದರೆ?

ನನ್ನ ಅಭಿಪ್ರಾಯ ನೇರವಾಗಿದೆ: ತೆರೆದ ಬೆಂಕಿ ಬೇಡ. ಸೌದೆ ಹೊಗೆಯಲ್ಲಿ ಪಿಎಂ 2.5 ಕಣಗಳು, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣವು, ಧಾರಾಳವಾಗಿ ಇರುತ್ತವೆ. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವುಗಳಿಗೆ ಹಾಕಿದ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಗೆ ಬರೀ 5 ಮೈಕ್ರೋಗ್ರಾಂ. ಎಷ್ಟೇ ಚೆನ್ನಾಗಿ ಉರಿಸಿದರೂ ಪ್ರತಿಸಲ ತುಂಡು ಹಾಕುವಾಗ ಸ್ವಲ್ಪ ಹೊಗೆ ಒಳಗೆ ಸುಳಿಯುತ್ತದೆ. ಗಾಳಿ ಆಡದ, ಮಂಜು ಕವಿದ ದಿನಗಳಲ್ಲಿ ಹೊರಗೆ ಹೋದ ಹೊಗೆಯೂ ಮೇಲೇರದೆ ನೆರೆಮನೆಯ ಕಿಟಕಿಗೆ ಹೋಗುತ್ತದೆ, ಅಂಥ ದಿನ ಯಾರೂ ಹಚ್ಚದಿರುವುದೇ ಲೇಸು.

ಚಳಿ ಮುಗಿಯಿತು. ಇನ್ನು ಒಲೆಯನ್ನು ಏನು ಮಾಡಬೇಕು?

ಚಿಮಣಿಯನ್ನು ಈಗಲೇ ಗುಡಿಸಿಸಿ, ಮುಂದಿನ ಚಳಿಗೆ ಬಿಡಬೇಡಿ. ತೇವದ ತಿಂಗಳುಗಳಲ್ಲಿ ಮಸಿ ನೀರು ಕುಡಿದು ಹುಳಿಯಾಗುತ್ತದೆ, ಡ್ಯಾಂಪರ್‌ನ ಕಬ್ಬಿಣವನ್ನೂ ಗಾರೆಯನ್ನೂ ತಿನ್ನುತ್ತದೆ, ಕೋಣೆಯಲ್ಲಿ ಸುಟ್ಟ ವಾಸನೆ ಸುಳಿದಾಡುತ್ತದೆ. ಬೂದಿ ತೆಗೆದು, ಡ್ಯಾಂಪರ್ ಮುಚ್ಚಿ, ಅದರ ಹಿಡಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿ: 'ಮುಚ್ಚಿದೆ'. ನಮ್ಮ ಮನೆಯ ಚೀಟಿ ನೆಂಟರು ಅಂದು ಹೊರಗೆ ಓಡಿದ ಮರುದಿನ ಬರೆದದ್ದು, ಅಂಚು ಸ್ವಲ್ಪ ಸುಟ್ಟಿದೆ, ಇನ್ನೂ ಅದೇ ನಡೆಯುತ್ತಿದೆ.